ಬೀರುವಿನಲ್ಲಿ ಇಪ್ಪತ್ತೆರಡು ದಿನ ಇದ್ದ ಮಾತ್ರೆ

ಗುಬ್ಬಿ ದಾಟಿ ಬಸ್ಸು ಐದು ನಿಮಿಷ ಓಡಿತ್ತೋ ಏನೋ. 2021ರ ನವೆಂಬರ್, ಎರಡನೇ ವಾರ. ತುಮಕೂರಿನಲ್ಲಿ ಇಲಾಖೆಯ ಒಂದು ದಿನದ ತರಬೇತಿ ಮುಗಿಸಿಕೊಂಡು ತಿಪಟೂರಿಗೆ ವಾಪಸು ಬರುತ್ತಿದ್ದೆ. ಕಿಟಕಿ ಪಕ್ಕದ ಸೀಟು, ತೊಡೆ ಮೇಲೆ ಬ್ಯಾಗು, ಹೊರಗೆ ಸಣ್ಣ ಜಡಿ. ಇದ್ದಕ್ಕಿದ್ದಂತೆ ಎದೆಯೊಳಗೆ ಒನಕೆ ಹಾಕಿ ಕುಟ್ಟಿದ ಹಾಗೆ ಶುರುವಾಯಿತು. ಉಸಿರು ಎಳೆದುಕೊಂಡಷ್ಟೂ ಸಾಲದು. ಬೆರಳ ತುದಿಗಳಲ್ಲಿ ಜೋಮು, ತುಟಿಯ ಸುತ್ತ ಜೋಮು, ಆಮೇಲೆ ಬೆರಳುಗಳು ತಾವಾಗಿ ಮಡಚಿಕೊಳ್ಳತೊಡಗಿದವು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಏನೋ ಕೇಳುತ್ತಿದ್ದರು, ಅವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಮಗಳಿಗೆ ಫೋನ್ ಮಾಡಬೇಕು, ಇನ್ನು ಟೈಮಿಲ್ಲ.

ಕಂಡಕ್ಟರ್ ಬಸ್ಸು ನಿಲ್ಲಿಸಿ, ಎದುರಿಗೆ ಬಂದ ಆಟೋ ಒಂದನ್ನು ಕರೆದು ನನ್ನನ್ನು ಹತ್ತಿಸಿದರು. ಆ ಅಜ್ಜಿಯೂ ತಮ್ಮ ಊರು ಬಿಟ್ಟು ನನ್ನ ಜೊತೆ ಆಟೋ ಹತ್ತಿದರು. ಅವರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಗುಬ್ಬಿಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಹೊತ್ತಿಗೆ ಎಲ್ಲ ಇಳಿದುಹೋಗಿತ್ತು, ಮೈ ಮಾತ್ರ ಹಿಂಡಿದ ಬಟ್ಟೆಯಂತಾಗಿತ್ತು. "ಇಸಿಜಿ ನಾರ್ಮಲ್ ಇದೆ ಮೇಡಂ, ಏನೂ ಇಲ್ಲ" ಎಂದರು.

ಆ "ಏನೂ ಇಲ್ಲ" ಎಂಬ ಮಾತನ್ನು ಮುಂದಿನ ಏಳು ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ. ಎಕೋ ಮಾಡಿಸಿದರು, ಏನೂ ಇಲ್ಲ. ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಏನೂ ಇಲ್ಲ. ಥೈರಾಯ್ಡ್, ರಕ್ತದ ಅಂಶ, ಸಕ್ಕರೆ, ಯಾವುದರಲ್ಲೂ ಏನೂ ಇಲ್ಲ. ಹೇಳುವವರಿಗೆ ಅದು ಸಮಾಧಾನದ ಮಾತು. ಆದರೆ ಆ ಕಾಗದಗಳನ್ನು ಹಿಡಿದುಕೊಂಡು ಮನೆಗೆ ಬಂದು, ರಾತ್ರಿ ಎರಡು ಗಂಟೆಗೆ ಮತ್ತೆ ಅದೇ ಒನಕೆಯ ಸದ್ದು ಕೇಳಿ ಎದ್ದು ಕೂತವಳಿಗೆ "ಏನೂ ಇಲ್ಲ" ಎಂದರೆ "ನಮಗೆ ಗೊತ್ತಾಗುತ್ತಿಲ್ಲ" ಎಂದೇ ಕೇಳಿಸುತ್ತದೆ. ಎಲ್ಲೋ ಒಂದು ಟೆಸ್ಟು ಬಿಟ್ಟುಹೋಗಿದೆ, ಅದರಲ್ಲೇ ಇದೆ ನನ್ನ ಕಾಯಿಲೆ ಅಂತ ಅನ್ನಿಸುತ್ತದೆ. ಹಾಗೆ ಮೂರು ಫೈಲು ತುಂಬಿದವು.

ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಬೀದಿಯಲ್ಲಿ ಎಲ್ಲರೂ ಕೊಟ್ಟ ಹೆಸರು ಗ್ಯಾಸ್. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಮೊದಲು ಅದು ಗ್ಯಾಸೇ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ, ಜೀರಿಗೆ ನೀರು, ಓಮದ ನೀರು, ಎಲ್ಲ ಆಯಿತು. ಗ್ಯಾಸಿನ ಮಾತ್ರೆಯನ್ನು ನಾಲ್ಕು ತಿಂಗಳು ಒಂದು ಪ್ರಶ್ನೆಯನ್ನೂ ಕೇಳದೆ ನುಂಗಿದ್ದೆ. ಅದರ ಅಡ್ಡಪರಿಣಾಮ ಏನು, ಎಷ್ಟು ದಿನ ತಗೋಬೇಕು, ಬಿಡೋಕೆ ಆಗುತ್ತಾ ಅಂತ ಯಾರನ್ನೂ ಕೇಳಲಿಲ್ಲ. ಮುಂದೆ ಬೇರೊಂದು ಮಾತ್ರೆಯ ವಿಷಯಕ್ಕೆ ನಾನು ಪಟ್ಟ ಪಾಡು ನೆನೆದಾಗಲೆಲ್ಲ ಇದು ನೆನಪಾಗುತ್ತದೆ.

ಹಿನ್ನೆಲೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ನಮ್ಮಣ್ಣ ಹೋಗಿದ್ದ. ನಲವತ್ತಾರು ವರ್ಷ. ಕೊನೆಯ ಸಲ ವಿಡಿಯೋ ಕಾಲ್‌ನಲ್ಲಿ ಮಾತಾಡಿದಾಗ ಮುಖಕ್ಕೆ ಮಾಸ್ಕ್ ಇತ್ತು, ಎರಡು ಪದಕ್ಕೊಮ್ಮೆ ನಿಂತು ಉಸಿರೆಳೆಯುತ್ತಿದ್ದ. "ಬರ್ತೀನಿ ಬಿಡು" ಅಂದ. ಅಂತ್ಯಕ್ರಿಯೆಗೆ ಹತ್ತಿರ ಹೋಗಲು ಬಿಡಲಿಲ್ಲ. ಜೂನ್‌ನಲ್ಲಿ ನಾನು ಆನ್‌ಲೈನ್ ಪಾಠಕ್ಕೆ ಕೂತೆ, ಸೆಪ್ಟೆಂಬರಿನಲ್ಲಿ ಶಾಲೆಗೆ ಹೋದೆ, "ಮೇಡಂ ಗಟ್ಟಿಗಿತ್ತಿ" ಎಂದು ಎಲ್ಲರೂ ಅಂದರು, ನಾನೂ ನಂಬಿದೆ. ಅಕ್ಟೋಬರ್ 29ರ ಶುಕ್ರವಾರ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂತು. ಅವರಿಗೂ ನಲವತ್ತಾರು. ಆ ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆ ಪರೀಕ್ಷೆಗೆ ಜನ, ಅದರಲ್ಲೂ ಹರೆಯದವರು, ಸಾಲುಗಟ್ಟಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಇಡೀ ನಾಡೇ ಎದೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದ ಹೊತ್ತದು. ನನ್ನ ಎದೆ ಹೆದರಿದ್ದು ಸುಮ್ಮಸುಮ್ಮನೆ ಅಲ್ಲ ಎಂದು ಈಗ ಹೇಳಬಲ್ಲೆ. ಆಗ ಈ ಎರಡು ಸಾವುಗಳಿಗೂ ಗುಬ್ಬಿಯ ಬಸ್ಸಿಗೂ ಗಂಟು ಹಾಕಿ ನೋಡುವ ಶಕ್ತಿ ನನಗಿರಲಿಲ್ಲ.

ಅಣ್ಣನಿಗೆ ಅಂತ ತಂದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನಮ್ಮ ಮನೆಯಲ್ಲೇ ಉಳಿದಿತ್ತು. ಅದು ನನ್ನ ಬ್ಯಾಗು ಸೇರಿತು. ಎದ್ದ ಕೂಡಲೇ, ಸ್ನಾನದ ಮುಂಚೆ, ಸ್ನಾನವಾದ ಮೇಲೆ, ಎರಡು ಪೀರಿಯಡ್‌ಗಳ ನಡುವೆ, ಶಾಲೆಯ ಬಚ್ಚಲಲ್ಲಿ ನಿಂತು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಉಸಿರೇ ಸಿಗುತ್ತಿಲ್ಲ, ಸಾಯುತ್ತಿದ್ದೇನೆ ಅನ್ನಿಸುವಾಗಲೂ ಅದು 98 ತೋರಿಸುತ್ತಿತ್ತು, 99 ತೋರಿಸುತ್ತಿತ್ತು. ಮಿಷನ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ಕೊಂಡೆ. ಅದೂ 99.

ಮಿಷನ್ ಸರಿಯಾಗೇ ಇತ್ತು. ಗಾಬರಿಯಲ್ಲಿ ನಾವು ಬೇಗಬೇಗ ಉಸಿರಾಡುತ್ತೇವೆ, ಆಮ್ಲಜನಕಕ್ಕೆ ಯಾವ ಕೊರತೆಯೂ ಆಗುವುದಿಲ್ಲ. ಆಗುವುದು ಬೇರೆ. ಇಂಗಾಲದ ಡೈಆಕ್ಸೈಡ್ ಮಿತಿ ಮೀರಿ ಹೊರಗೆ ಹೋಗುತ್ತದೆ, ರಕ್ತ ತುಸು ಕ್ಷಾರೀಯವಾಗುತ್ತದೆ, ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ತಲೆ ತಿರುಗುವುದು ಅದರಿಂದ. ರಕ್ತದಲ್ಲಿ ಕೆಲಸಕ್ಕೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ಜೋಮು ಹಿಡಿಯುತ್ತದೆ, ಬೆರಳು ಮಡಚಿಕೊಳ್ಳುತ್ತದೆ. ಉಸಿರು ಸಾಲದು ಎಂದು ಇನ್ನೂ ಜೋರಾಗಿ ಎಳೆದರೆ ಎಲ್ಲವೂ ಇನ್ನಷ್ಟು ಹೆಚ್ಚುತ್ತದೆ. ನಾನು ವಿಜ್ಞಾನದ ಟೀಚರ್. ಇದರಲ್ಲಿ ಅರ್ಧಕ್ಕರ್ಧ ನನಗೆ ಗೊತ್ತಿದ್ದ ವಿಷಯವೇ.

ಆ ಡಿಸೆಂಬರಿನಲ್ಲಿ ಹತ್ತನೇ ತರಗತಿಗೆ "ನಿಯಂತ್ರಣ ಮತ್ತು ಸಹಭಾಗಿತ್ವ" ಪಾಠ ಮಾಡಿದ್ದೆ. ಅದರಲ್ಲಿ ಅಳಿಲಿನ ಉದಾಹರಣೆ ಬರುತ್ತದೆ. ಅಪಾಯ ಎದುರಾದರೆ ಅಳಿಲಿನ ದೇಹ ಕಾದಾಡಲು ಇಲ್ಲವೇ ಓಡಿಹೋಗಲು ಸಿದ್ಧವಾಗಬೇಕು. ಅಡ್ರಿನಲಿನ್ ಎಂಬ ಹಾರ್ಮೋನು ನೇರ ರಕ್ತಕ್ಕೆ ಇಳಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಹೊಟ್ಟೆಗೂ ಚರ್ಮಕ್ಕೂ ಹೋಗುವ ರಕ್ತ ಕಡಿಮೆಯಾಗಿ ಕೈಕಾಲಿನ ಸ್ನಾಯುಗಳಿಗೆ ಹರಿಯುತ್ತದೆ, ಉಸಿರಾಟ ಹೆಚ್ಚುತ್ತದೆ. ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆದು, ಅದರ ಮೇಲೆ ಅಡ್ರಿನಲ್ ಗ್ರಂಥಿ ಗುರುತಿಸುತ್ತಿದ್ದಾಗ ನನ್ನ ಕೈ ಬೆವರಿ ಚಾಕ್‌ಪೀಸ್ ಜಾರುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಏನೂ ಅಪಾಯ ಇಲ್ಲದೇ ಇದ್ರೂ ಅಡ್ರಿನಲಿನ್ ಬರುತ್ತಾ?" ಒಳ್ಳೆಯ ಪ್ರಶ್ನೆ, ನಾಳೆ ಹೇಳ್ತೀನಿ ಅಂದೆ. ನಾಳೆ ಹೇಳಲಿಲ್ಲ. ಬೋರ್ಡಿನ ಮೇಲೆ ಬರೆದಿದ್ದು ನನ್ನದೇ ಕಥೆ ಎಂದು ಒಂದು ಕ್ಷಣ ಹೊಳೆದಿತ್ತು, ಆದರೆ ತಿಳಿದದ್ದು ಮೈಗೆ ಇಳಿಯಲಿಲ್ಲ.

ಮೈಗೆ ಇಳಿದದ್ದು ನಮ್ಮ ಯಜಮಾನರ ಮಾತಿನಿಂದ. ನಮ್ಮದು ತೆಂಗಿನ ತೋಟ. ಕೆಲವು ವರ್ಷದ ಹಿಂದೆ ತೋಟದ ಮನೆ ಹತ್ತಿರ ಚಿರತೆ ಬಂದು ಕುರಿ ಹೊತ್ತುಕೊಂಡು ಹೋಗಿತ್ತು. ಆಮೇಲೆ ನಮ್ಮ ನಾಯಿ ಒಣಗರಿ ಬಿದ್ದರೂ ಬೊಗಳುವುದು, ಇಲಿ ಓಡಿದರೂ ಬೊಗಳುವುದು, ರಾತ್ರಿಯೆಲ್ಲ ಅದಕ್ಕೂ ನಿದ್ದೆಯಿಲ್ಲ ನಮಗೂ ಇಲ್ಲ. ಒಂದು ರಾತ್ರಿ ನಾನು ಜಗಲಿಯಲ್ಲಿ ನಡುಗುತ್ತಾ ಕೂತಿದ್ದಾಗ ಅವರು ಪಕ್ಕದಲ್ಲಿ ಕೂತು, "ನಮ್ಮ ಕರಿಯ ಆಗ ಹೆಂಗ್ ಮಾಡ್ತಿದ್ದ ನೋಡು, ಹಂಗೇ ಆಗಿದೆ ಕಣೇ ನಿನ್ನ ಎದೆಗೆ. ಅವನಿಗೇನು ಹುಚ್ಚು ಹಿಡಿದಿರಲಿಲ್ಲ. ಒಂದ್ಸಲ ಚಿರತೆ ನೋಡಿದ್ದ ಅಷ್ಟೆ" ಅಂದರು. ಓದಿದ್ದು ಎಸ್ಸೆಸ್ಸೆಲ್ಸಿ. ಮೂರು ಫೈಲಿನಲ್ಲಿ ಸಿಗದ ಮಾತು ಅವರ ಬಾಯಲ್ಲಿ ಸಿಕ್ಕಿತು.

ಅಮ್ಮ ಅಂತ್ರ ಕಟ್ಟಿಸಿದಳು. ಬೇಡ ಎನ್ನಲಿಲ್ಲ. ಮಗನನ್ನು ಕಳೆದುಕೊಂಡವಳು, ಮಗಳ ತೋಳಿಗೆ ಒಂದು ದಾರ ಕಟ್ಟಿ ಅವಳಿಗೆ ಒಂದು ರಾತ್ರಿ ನಿದ್ದೆ ಬರುವುದಾದರೆ ಬರಲಿ.

ಕೊನೆಗೆ 2022ರ ಮೇ ತಿಂಗಳಲ್ಲಿ ನನ್ನ ಫೈಲು ನೋಡಿದ ಒಬ್ಬ ಫಿಸಿಶಿಯನ್ ನಿಧಾನವಾಗಿ ಕೂರಿಸಿ ಮಾತಾಡಿಸಿದರು. ಮನೆಯಲ್ಲಿ ಈಚೆಗೆ ಯಾರಾದರೂ ತೀರಿಕೊಂಡಿದ್ದಾರಾ ಅಂತ ಕೇಳಿದ ಮೊದಲ ವೈದ್ಯರು ಅವರು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅಂತಾರೆ, ಮನೋವೈದ್ಯರನ್ನು ಒಮ್ಮೆ ನೋಡಿ ಎಂದರು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮವಿದೆ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬಂದು ನೋಡುತ್ತಾರೆ, ದುಡ್ಡಿಲ್ಲ. ನಮ್ಮ ಮನೆಯಿಂದ ಆ ಆಸ್ಪತ್ರೆಗೆ ನಡೆದರೆ ಹದಿನೈದು ನಿಮಿಷ. ನಾನು ಹೋಗಲಿಲ್ಲ. ಇಪ್ಪತ್ತು ವರ್ಷ ಈ ತಾಲ್ಲೂಕಿನಲ್ಲಿ ಪಾಠ ಮಾಡಿದವಳು, ಆ ಬೆಂಚಿನ ಮೇಲೆ ಕೂತರೆ ಹತ್ತು ಜನರಲ್ಲಿ ನಾಲ್ವರಿಗೆ ನನ್ನ ಪರಿಚಯ ಇರುತ್ತದೆ. ಎಪ್ಪತ್ತು ಕಿಲೋಮೀಟರಿಗೂ ದೂರದ ತುಮಕೂರಿಗೆ, ಬಸ್ಸಿನ ಭಯಕ್ಕೆ ಕಾರು ಬಾಡಿಗೆ ಮಾಡಿಕೊಂಡು, ಒಬ್ಬರು ಖಾಸಗಿ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ಒಂದು ಗಂಟೆ ಕೇಳಿಸಿಕೊಂಡರು. ಅಟ್ಯಾಕು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ, ಅದರಿಂದ ಹೃದಯ ನಿಲ್ಲುವುದಿಲ್ಲ ಎಂದರು. ಆಮೇಲೆ ದಾರಿ ಎರಡು ಅಂದರು. ಒಂದು, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಸಿಬಿಟಿ. ವಾರಕ್ಕೊಮ್ಮೆಯಂತೆ ಹತ್ತು ಹನ್ನೆರಡು ವಾರ ಬರಬೇಕು. ಇನ್ನೊಂದು, ಎಸ್ಸಿಟಲೋಪ್ರಾಮ್ ಎಂಬ ಮಾತ್ರೆ, ಐದು ಮಿಲಿಗ್ರಾಮಿನಿಂದ ಶುರು. ಎರಡಕ್ಕೂ ಗುಣವಿದೆ, ಎರಡನ್ನೂ ಒಟ್ಟಿಗೆ ಮಾಡಬಹುದು, ಆಯ್ಕೆ ನಿಮ್ಮದು ಎಂದರು. "ಡಾಕ್ಟ್ರೇ, ಮಾತ್ರೆ ಇಲ್ಲದೆ ಆಗಲ್ವಾ?" ಅಂತ ಕೇಳಿದೆ. ಆಗಬಹುದು ಅಂದರು. "ಆದ್ರೆ ಮೇಡಂ, ಪ್ರತಿ ವಾರ ತಿಪಟೂರಿಂದ ಬಸ್ಸಲ್ಲಿ ಬರೋಕೆ ಆಗುತ್ತಾ ನಿಮಗೆ?"

ಇದು ದೊಡ್ಡ ಊರುಗಳಲ್ಲಿ ಇರುವವರಿಗೆ ಹೊಳೆಯದ ಪೇಚು. ಮಾತ್ರೆಯೋ ಥೆರಪಿಯೋ ಎಂಬ ಚರ್ಚೆ ಓದಲು ಚೆನ್ನಾಗಿರುತ್ತದೆ. ನಮ್ಮ ಊರಲ್ಲಿ ಸೈಕಾಲಜಿಸ್ಟ್ ಯಾರೂ ಇರಲಿಲ್ಲ. ಬಸ್ಸಿನ ಭಯ ಹೋಗಬೇಕಾದರೆ ಥೆರಪಿ ಬೇಕು, ಥೆರಪಿಗೆ ಹೋಗಬೇಕಾದರೆ ಬಸ್ಸು ಹತ್ತಬೇಕು. ಪ್ರತಿ ವಾರ ಕಾರಿಗೆ ದುಡ್ಡು ಕೊಡುವಷ್ಟು ಕೊಬ್ಬರಿ ಆ ವರ್ಷ ಮಾರಿರಲಿಲ್ಲ.

ಚೀಟಿ ಕೊಟ್ಟರು. ಕೊಡುವಾಗ ಒಂದು ಮಾತು ಸೇರಿಸಿದರು: "ನುಂಗೋದು ಬಿಡೋದು ಆಮೇಲೆ. ಮೊದಲು, ಹೋದ ನವೆಂಬರಿಂದ ಏನೇನು ಬಿಟ್ಟಿದ್ದೀರಿ ಅಂತ ಒಂದು ಪಟ್ಟಿ ಬರೀರಿ." ಅಟ್ಯಾಕು ತಿಂಗಳಿಗೆ ಎಷ್ಟು ಸಲ ಬರುತ್ತೆ ಅಂತಲ್ಲ, ಏನೇನು ಬಿಟ್ಟಿದ್ದೀರಿ ಅಂತ.

ಮಾತ್ರೆ ತಂದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಇಪ್ಪತ್ತೆರಡು ದಿನ ಅಲ್ಲೇ ಇತ್ತು.

ಆ ಇಪ್ಪತ್ತೆರಡು ದಿನ ನಾನು ಹೆದರಿದ್ದು ಯಾವುದಕ್ಕೆ ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈಗಲೂ ಯಾರದೋ ಬೀರುವಿನಲ್ಲಿ ಒಂದು ಸ್ಟ್ರಿಪ್ ಹೀಗೇ ಕೂತಿರುತ್ತದೆ.

ಮೊದಲ ಹೆದರಿಕೆ ನಮ್ಮ ಚಿಕ್ಕಮ್ಮನದು. ಗಂಡ ತೀರಿಕೊಂಡಾಗ ಯಾರೋ ಕೊಟ್ಟ ನಿದ್ದೆ ಮಾತ್ರೆಯನ್ನು ಇಪ್ಪತ್ತು ವರ್ಷ ತಿಂದವರು. ಒಂದು ದಿನ ಸಿಗದಿದ್ದರೆ ಕೈ ನಡುಗುತ್ತಿತ್ತು, ಮೆಡಿಕಲ್ ಸ್ಟೋರಿನವನ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದರು. ತಲೆಗೆ ಸಂಬಂಧಪಟ್ಟ ಮಾತ್ರೆ ಎಂದರೆ ನನ್ನ ಕಣ್ಣ ಮುಂದೆ ಬರುವುದು ಚಿಕ್ಕಮ್ಮನ ನಡುಗುವ ಕೈ. ಡಾಕ್ಟರಿಗೆ ಫೋನ್ ಮಾಡಿ ಇದನ್ನು ಹೇಳಿದ ಮೇಲೆ ತಿಳಿಯಿತು, ಅವು ಎರಡು ಬೇರೆಬೇರೆ ಕುಲದ ಮಾತ್ರೆಗಳು. ಚಿಕ್ಕಮ್ಮ ತಗೊಳ್ಳುತ್ತಿದ್ದದ್ದು ಅಲ್ಪ್ರಜೋಲಾಮ್. ಅದು, ಕ್ಲೊನಾಜೆಪಾಮ್, ಡಯಾಜೆಪಾಮ್, ಇವೆಲ್ಲ ಒಂದು ಗುಂಪು. ಬೇಗ ಕೆಲಸ ಮಾಡುತ್ತವೆ, ತಕ್ಷಣ ಹಾಯೆನಿಸುತ್ತದೆ, ಅದಕ್ಕೇ ಮೈ ಅವುಗಳಿಗೆ ಒಗ್ಗಿಕೊಂಡುಬಿಡುತ್ತದೆ. ತುರ್ತಿಗೆ, ಸ್ವಲ್ಪ ದಿನಕ್ಕೆ, ವೈದ್ಯರ ಕಣ್ಣಳತೆಯಲ್ಲಿ ಸರಿ. ವರ್ಷಗಟ್ಟಲೆ ಅಲ್ಲ. ನನಗೆ ಬರೆದಿದ್ದು ಹಾಗೆ ತಕ್ಷಣ ಏನೂ ಮಾಡದ ಮಾತ್ರೆ. ದಿನಾ ತಗೋಬೇಕು, ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು, ಕಾಯಬೇಕು. ಒಂದು ಹೆಚ್ಚು ನುಂಗೋಣ ಎಂಬ ಆಸೆ ಹುಟ್ಟಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸುವಂತಿಲ್ಲ, ಮೆಲ್ಲಗೆ ಇಳಿಸಬೇಕು. ಇಷ್ಟನ್ನು ಇಪ್ಪತ್ತು ವರ್ಷದ ಹಿಂದೆ ಚಿಕ್ಕಮ್ಮನಿಗೆ ಯಾರಾದರೂ ಕೂತು ಹೇಳಿದ್ದರೆ ಅವರ ಬಾಳು ಬೇರೆ ಇರುತ್ತಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಎರಡನೆಯದು ಹೆಸರಿನ ಹೆದರಿಕೆ. ನಮ್ಮಲ್ಲಿ ಯಾರನ್ನಾದರೂ ಹಂಗಿಸಬೇಕಾದರೆ "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಅನ್ನುತ್ತೇವೆ. ಸ್ಟಾಫ್ ರೂಮಿನಲ್ಲಿ ನಾನೂ ಅಂದಿದ್ದೇನೆ. ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ ನಮ್ಮ ಹೊಸೂರು ರಸ್ತೆಯಲ್ಲಿದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ, ಆದರೂ ನಿಮ್ಹಾನ್ಸ್ ಹೆಸರು ನಮ್ಮ ಬಾಯಲ್ಲಿ ಬೈಗುಳ. ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ ಆತಂಕದಂಥ ಸಾಮಾನ್ಯ ತೊಂದರೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಕಂಡುಬಂದಿತ್ತು. ಆಸ್ಪತ್ರೆ ದೂರ, ಡಾಕ್ಟರು ಕಡಿಮೆ ಎಂಬುದು ನಿಜ. ಆದರೆ ಹದಿನೈದು ನಿಮಿಷದ ದೂರದಲ್ಲಿ ಇದ್ದದ್ದನ್ನು ಬಿಟ್ಟು ತುಮಕೂರಿಗೆ ಕಾರು ಮಾಡಿಕೊಂಡು ಹೋದವಳು ನಾನು, ಬೀರುವಿನಲ್ಲಿ ಮಾತ್ರೆ ಇಟ್ಟುಕೊಂಡವಳು ನಾನು.

ಮೂರನೆಯದನ್ನು ಹೇಳಲು ಮುಜುಗರ. ಮಾತ್ರೆ ತಿಂದರೆ ಅಣ್ಣನ ದುಃಖವೂ ಅಳಿಸಿಹೋಗುತ್ತದೆ, ನಾನು ಕಲ್ಲಾಗುತ್ತೇನೆ ಎಂದು ಭಯವಿತ್ತು. ಅವನಿಗಾಗಿ ನನ್ನಲ್ಲಿ ಉಳಿದಿದ್ದದ್ದು ಈ ಒದ್ದಾಟ ಒಂದೇ ಅನ್ನಿಸುತ್ತಿತ್ತು.

ರಾತ್ರಿ ಹೊತ್ತು ಫೋನಿನಲ್ಲಿ ಅಡ್ಡಪರಿಣಾಮಗಳನ್ನು ಓದುತ್ತಿದ್ದೆ. ಓದಿದ ಪ್ರತಿಯೊಂದೂ ಓದುವಾಗಲೇ ನನಗೆ ಬರುತ್ತಿತ್ತು, ಮಾತ್ರೆ ಮುಟ್ಟುವ ಮೊದಲೇ.

ಪಟ್ಟಿ ಮಾತ್ರ ಬರೆಯುತ್ತಾ ಹೋದೆ. ಹಳೆಯ ಪಾಠ ಯೋಜನೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ. ಬಸ್ಸಿನ ಹಿಂದಿನ ಸೀಟು. ಆಮೇಲೆ ಬಸ್ಸೇ. ರೈಲು. ಕಾಫಿ. ಬಚ್ಚಲಿನ ಚಿಲಕ ಹಾಕುವುದು. ಮೆಟ್ಟಿಲು ಓಡಿ ಹತ್ತುವುದು. ಪ್ರಾರ್ಥನೆಗೆ ಮುಂದೆ ನಿಲ್ಲುವುದು. ಸತ್ಯಗಣಪತಿಯ ಪೆಂಡಾಲು. ಒಬ್ಬಳೇ ಮನೆಯಲ್ಲಿ ಇರುವುದು. ಗಟ್ಟಿಯಾಗಿ ನಗುವುದು, ಯಾಕೆಂದರೆ ನಕ್ಕರೆ ಉಸಿರು ಏರುತ್ತದೆ. ಅತ್ತಿಗೆಯ ಮನೆ. ಇದನ್ನು ಬರೆದು ಬಹಳ ಹೊತ್ತು ಕೂತಿದ್ದೆ. ಅಣ್ಣ ಹೋದ ಮೇಲೆ ಆ ಮನೆಯ ಹೊಸ್ತಿಲು ತುಳಿದಿದ್ದು ಎರಡು ಸಲ. ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಅವಳೊಬ್ಬಳೇ ಅಲ್ಲಿ. ದುಃಖ ಕಾಪಾಡಿಕೊಳ್ಳುತ್ತೇನೆ ಎಂದು ಹೊರಟವಳು ಅವನ ಮಕ್ಕಳನ್ನೇ ನೋಡದೆ ಕೂತಿದ್ದೆ.

ಇಪ್ಪತ್ತೆರಡನೆಯ ದಿನ ಮಗಳಿಗೆ ತುಮಕೂರಿನಲ್ಲಿ ಚರ್ಚಾ ಸ್ಪರ್ಧೆ. ಎಂಟನೇ ಕ್ಲಾಸು ಆಗ. ಶಾಲೆಯ ಟೀಚರ್ ಜೊತೆ ಬಸ್ಸಿನಲ್ಲಿ ಹೋಗಿ ಎರಡನೇ ಬಹುಮಾನ ತಂದಳು. ಕಪ್ಪು ಟೇಬಲ್ಲಿನ ಮೇಲಿಟ್ಟು ಕೈಕಾಲು ತೊಳೆಯಲು ಹೋದಳು. ನಾನು ಹಿಂದೆಯೇ ಹೋಗಿ, "ಬರಬೇಕು ಅಂತಿದ್ದೆ ಪುಟ್ಟಿ" ಅಂದೆ. "ಪರವಾಗಿಲ್ಲಮ್ಮ, ನೀನು ಬರಲ್ಲ ಅಂತ ಗೊತ್ತಿತ್ತು" ಅಂದಳು. ಮುನಿಸಿರಲಿಲ್ಲ ಅವಳ ದನಿಯಲ್ಲಿ, ಎಷ್ಟೋ ದಿನದಿಂದ ಗೊತ್ತಿರುವ ವಿಷಯ ಹೇಳಿದ ಹಾಗೆ ಹೇಳಿದಳು. ಕೋಪ ಮಾಡಿಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮಾತ್ರೆ ಬೇಡ ಎಂದು ನಾನು ಸುಮ್ಮನೆ ಇದ್ದೇನೆ, ಇನ್ನೂ ಏನೂ ತೀರ್ಮಾನ ಮಾಡಿಲ್ಲ ಎಂದುಕೊಂಡಿದ್ದೆ. ಆದರೆ ತೀರ್ಮಾನ ದಿನಾ ಆಗುತ್ತಿತ್ತು, ಪಟ್ಟಿ ಉದ್ದವಾಗುತ್ತಿತ್ತು, ಅದರ ಲೆಕ್ಕ ಮಗಳು ಇಟ್ಟುಕೊಂಡಿದ್ದಳು. ರಾತ್ರಿ ಊಟವಾದ ಮೇಲೆ ಬೀರು ತೆಗೆದೆ. ಯಜಮಾನರು ನೀರು ತಂದು ಕೊಟ್ಟು ಪಕ್ಕದಲ್ಲಿ ನಿಂತರು. ಏನೂ ಮಾತಾಡಲಿಲ್ಲ.

ಮೊದಲ ಹತ್ತು ದಿನ ಚೆನ್ನಾಗಿರಲಿಲ್ಲ, ಮುಚ್ಚಿಡುವುದಿಲ್ಲ. ಹೊಟ್ಟೆ ತೊಳಸುವುದು, ಆಕಳಿಕೆ ಮೇಲೆ ಆಕಳಿಕೆ, ಮೈಯೊಳಗೆ ಸಣ್ಣ ನಡುಕ. ಶುರುವಿನಲ್ಲಿ ಆತಂಕ ಸ್ವಲ್ಪ ಹೆಚ್ಚಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿರದಿದ್ದರೆ ನಾಲ್ಕನೇ ದಿನದ ಅಟ್ಯಾಕಿಗೆ ಸ್ಟ್ರಿಪ್ಪನ್ನು ಬಾವಿಗೆ ಎಸೆದಿರುತ್ತಿದ್ದೆ. ಎರಡು ವಾರದ ಮೇಲೆ ಹತ್ತು ಮಿಲಿಗ್ರಾಮ್ ಮಾಡಿದರು. ಗಂಡಹೆಂಡತಿ ನಡುವಿನ ಆಸೆಯೂ ಕೆಲವು ತಿಂಗಳು ಮಂಕಾಗಿತ್ತು. ಇದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಹೆಂಗಸರಂತೂ ಡಾಕ್ಟರ ಹತ್ತಿರವೂ ಬಾಯಿಬಿಡುವುದಿಲ್ಲ. ಬಾಯಿಬಿಡಬೇಕು. ಅದಕ್ಕೂ ಅವರ ಹತ್ತಿರ ದಾರಿಗಳಿರುತ್ತವೆ.

ಗುಣವಾದದ್ದು ಯಾವ ದಿನ ಎಂದು ಹೇಳಲಾರೆ. ಒಂದು ಸಂಜೆ ಆಕ್ಸಿಮೀಟರ್ ಒತ್ತಿದರೆ ಬೆಳಕೇ ಬರಲಿಲ್ಲ. ನೋಡಿದರೆ ಸೆಲ್ ಇಲ್ಲ. "ಟಿವಿ ರಿಮೋಟಿಗೆ ಹಾಕಿದ್ನಲ್ಲಮ್ಮ, ಹೋದ ವಾರವೇ" ಅಂದಳು ಮಗಳು. ಒಂದು ವಾರ ನಾನು ಅದನ್ನು ಮುಟ್ಟಿರಲಿಲ್ಲ.

ಮಾತ್ರೆ ಭಯವನ್ನು ಕಿತ್ತು ಹಾಕಲಿಲ್ಲ. ಎದೆ ಡವಡವ ಎಂದಾಗ ಅದಕ್ಕೂ ನನಗೂ ನಡುವೆ ಒಂದು ಗೇಣು ಜಾಗ ಮಾಡಿಕೊಟ್ಟಿತು. ಆ ಒಂದು ಗೇಣಿನಲ್ಲಿ ನಿಂತು ಬಸ್ಸು ಹತ್ತಿದೆ, ಸೆಪ್ಟೆಂಬರಿನಿಂದ ಹದಿನೈದು ದಿನಕ್ಕೊಮ್ಮೆ ತುಮಕೂರಿನ ಸೈಕಾಲಜಿಸ್ಟ್ ಹತ್ತಿರ ಹೋದೆ. ಅವರು ಮಾಡಿಸಿದ್ದು ಧ್ಯಾನ, ಪ್ರಾಣಾಯಾಮ ಎಂದು ನೀವು ಎಣಿಸಿದರೆ ಅದಲ್ಲ. ತಿರುಗುವ ಕುರ್ಚಿಯಲ್ಲಿ ಕೂರಿಸಿ ಒಂದು ನಿಮಿಷ ಗಿರಗಿರ ತಿರುಗಿಸಿದರು. ಎಳನೀರಿನ ಸ್ಟ್ರಾ ಬಾಯಿಗೆ ಕೊಟ್ಟು, ಮೂಗು ಹಿಡಿದುಕೊಂಡು ಅದರಲ್ಲೇ ಉಸಿರಾಡಿ ಅಂದರು. ಮೆಟ್ಟಿಲು ಓಡಿಸಿದರು. ಬೇಕೆಂದೇ ತಲೆ ತಿರುಗಿಸಿ, ಬೇಕೆಂದೇ ಎದೆ ಬಡಿಸಿ, ಏನೂ ಆಗುವುದಿಲ್ಲ ಎಂಬುದನ್ನು ನನ್ನ ಮೈಗೇ ಕಲಿಸುವ ಕ್ರಮ ಅದು. ಬಾಯಿಪಾಠ ಬಂದರೂ ಪ್ರಯೋಗ ಮಾಡದಿದ್ದರೆ ವಿಜ್ಞಾನ ತಲೆಗೆ ಹತ್ತುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತಾ ಬಂದವಳಿಗೆ ಇದು ಬಹಳ ಹಿಡಿಸಿತು. ಮಾತ್ರೆ ಇಲ್ಲದೆ ಸ್ಟ್ರಾ ಬಾಯಿಗಿಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ಸ್ಟ್ರಾ ಇಲ್ಲದೆ ಬರೀ ಮಾತ್ರೆಯಾಗಿದ್ದರೆ ಬಿಟ್ಟ ಮೇಲೆ ಏನಾಗುತ್ತಿತ್ತೋ.

ಅಣ್ಣನ ವಿಷಯ. ಮಾತ್ರೆ ಶುರುಮಾಡಿ ಮೂರನೇ ತಿಂಗಳಿಗೆ ಅತ್ತಿಗೆ ಮನೆಗೆ ಹೋಗಿ ಎರಡು ದಿನ ಇದ್ದೆ. ಅವನ ಅಂಗಿಗಳನ್ನು ಇಬ್ಬರೂ ಸೇರಿ ಮಡಚಿದೆವು. ಅವತ್ತು ನಾನು ಅತ್ತಷ್ಟು ಅವನು ಸತ್ತಾಗಲೂ ಅತ್ತಿರಲಿಲ್ಲ.

ಹದಿನಾಲ್ಕು ತಿಂಗಳು ತಗೊಂಡೆ. ಆಮೇಲೆ ಮೂರು ತಿಂಗಳಲ್ಲಿ ಮೆಲ್ಲಗೆ ಇಳಿಸಿದರು. ನಡುವೆ ಒಂದು ಮದುವೆಗೆ ಹೋಗಿ ಎರಡು ದಿನ ಮರೆತಾಗ ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದ ಹಾಗಾಗಿತ್ತು. 2023ರ ಡಿಸೆಂಬರಿಗೆ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2025ರ ಜೂನ್ ಜುಲೈನಲ್ಲಿ ಹಾಸನದ ಸುದ್ದಿ ಶುರುವಾಯಿತು. ಹೃದಯಾಘಾತ ಎಂದು ವರದಿಯಾದ ಸಾವುಗಳು ನಲವತ್ತು ದಿನದಲ್ಲಿ ಇಪ್ಪತ್ತು ದಾಟಿದವು. ಅರಸೀಕೆರೆ ನಮಗೆ ಪಕ್ಕದ ಊರು, ಅರ್ಧ ನೆಂಟಸ್ತನ ಆ ಕಡೆಗೇ. ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಒಂದು ಫೋಟೋ, ಕೆಳಗೆ ವಯಸ್ಸು. ಮತ್ತೆ ಆಸ್ಪತ್ರೆಗಳ ಮುಂದೆ ಸಾಲು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಆಗಿಲ್ಲ ಎಂದು ವರದಿ ಕೊಡುವ ಹೊತ್ತಿಗೆ ನನ್ನ ಎದೆ ತನ್ನ ವರದಿ ಕೊಟ್ಟಾಗಿತ್ತು. ಒಂದು ರಾತ್ರಿ ಒಂದೂವರೆಗೆ ಎದ್ದು ಕೂತೆ, ಅದೇ ಒನಕೆ.

ಆ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ದಿನದ ಯಾವ ಹೊತ್ತಿಗೂ ಸಿಗುತ್ತದೆ, ದುಡ್ಡಿಲ್ಲ. ನನ್ನ ಮೊದಲ ಅಟ್ಯಾಕಿನ ಕಾಲಕ್ಕೆ ಇರಲಿಲ್ಲ. ಕನ್ನಡದಲ್ಲೇ ಮಾತಾಡಿದ ಒಬ್ಬ ಹೆಣ್ಣುಮಗಳು ಬಹಳ ಬುದ್ಧಿ ಹೇಳದೆ, "ನಾನು ಲೈನಲ್ಲೇ ಇರ್ತೀನಿ, ನಿಧಾನಕ್ಕೆ ಉಸಿರು ಹೊರಗೆ ಬಿಡಿ, ಎಳೆಯೋದರ ಕಡೆ ಗಮನ ಬೇಡ" ಅಂದಳು. ಇದ್ದಳು.

ಮತ್ತೆ ಅದೇ ಪ್ರಶ್ನೆ. ಈ ಸಲ ಮಾತ್ರೆ ಬೀರುವಿನಲ್ಲಿ ಇರಲಿಲ್ಲ, ತಲೆಯಲ್ಲಿತ್ತು. ಹಳೆಯ ಪುಸ್ತಕ ತೆಗೆದು ಹೊಸ ಪುಟಕ್ಕೆ ತಾರೀಖು ಹಾಕಿ ಪಟ್ಟಿ ಬರೆಯಲು ಕೂತೆ. ಕಾಫಿ ಎಂದು ಬರೆದೆ. ಮುಂದಿನದು ಏನು ಅಂತ ಯೋಚಿಸಿದರೆ ಏನೂ ಸಿಗಲಿಲ್ಲ. ಬಸ್ಸಿನಲ್ಲಿ ಹೋಗುತ್ತಿದ್ದೆ, ಹೆದರಿಕೊಂಡೇ. ಪ್ರಾರ್ಥನೆಗೆ ನಿಲ್ಲುತ್ತಿದ್ದೆ, ಕೈ ಬೆವರಿಕೊಂಡೇ. ಡಾಕ್ಟರಿಗೆ ಆ ಪುಟ ತೋರಿಸಿದೆ. ಆರು ವಾರ ನೋಡೋಣ, ಸ್ಟ್ರಾ ಮತ್ತೆ ಶುರುಮಾಡಿ, ಪಟ್ಟಿ ಬೆಳೆದರೆ ಬನ್ನಿ ಎಂದರು. ಬೆಳೆಯಲಿಲ್ಲ. ಬೆಳೆದಿದ್ದರೆ ಅದೇ ವಾರ ಮಾತ್ರೆ ಶುರುಮಾಡುತ್ತಿದ್ದೆ, ಇಪ್ಪತ್ತೆರಡು ದಿನ ಕಾಯುತ್ತಿರಲಿಲ್ಲ. ಮೊದಲ ಸಲ ತಗೊಂಡೆ, ಎರಡನೇ ಸಲ ತಗೊಳ್ಳಲಿಲ್ಲ. ಎರಡೂ ಸಲ ಅಳೆದದ್ದು ಅದೇ ಪಟ್ಟಿಯಲ್ಲಿ.

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಗೆ ಬಂದು, ಕೈ ಹಿಡಿದುಕೊಂಡು, "ಮೇಡಂ, ಎದೆ ಹಿಂಗಿಂಗಾಗ್ತದೆ, ಎಲ್ಲಾರೂ ಗ್ಯಾಸು ಅಂತಾರೆ" ಅಂದರು. ತುಮಕೂರಿಗೆ ಹೋಗುವಷ್ಟು ಅನುಕೂಲವಿಲ್ಲ. ಮೊದಲು ಇಸಿಜಿ ಮಾಡಿಸಿದೆವು, ಸರಿ ಇತ್ತು. ಮಂಗಳವಾರ ಅರ್ಧ ದಿನ ರಜೆ ಹಾಕಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಬೆಂಚಿನ ಮೇಲೆ ಇಬ್ಬರೂ ಕೂತೆವು. ನಾನೆಣಿಸಿದಂತೆಯೇ ಪರಿಚಯದವರು ಒಬ್ಬರು ಬಂದು ನಿಂತರು. "ಏನ್ ಮೇಡಂ, ನೀವಿಲ್ಲಿ?" ಅಂದರು.

"ಇವರ ಜೊತೆ ಬಂದಿದ್ದೆ" ಅಂದೆ. ಸುಳ್ಳಲ್ಲ. ಆದರೆ ಹಾಗಂದ ಕೂಡಲೇ ಪಕ್ಕದಲ್ಲಿದ್ದ ಹೆಂಗಸು ಸೆರಗು ಎಳೆದುಕೊಂಡು ತಲೆ ತಗ್ಗಿಸಿದ್ದು ಕಂಡಿತು. ಆ ಬೆಂಚಿನಲ್ಲಿ ಅವರೊಬ್ಬರನ್ನೇ ಕೂರಿಸಿ ನಾನು ಎದ್ದು ನಿಂತ ಹಾಗಾಯಿತು. ಒಳಗೆ ಹೋಗಲು ನಮ್ಮ ಸರದಿ ಬಂತು, ಆ ಮನುಷ್ಯರು ಹೊರಟುಹೋದರು. ವಾಪಸು ಬರುವಾಗ ದಾರಿಯಲ್ಲಿ ನಿಂತು ಅವರಿಗೆ ಹೇಳಿದೆ, ನಾನೂ ಹದಿನಾಲ್ಕು ತಿಂಗಳು ತಗೊಂಡಿದ್ದೀನಿ ಅಂತ. ಅವರು ನನ್ನ ಮುಖವನ್ನೇ ನೋಡಿದರು. "ನೀವಾ ಮೇಡಂ?" ಅಂದು, ಚೀಲದಿಂದ ಮಾತ್ರೆ ಪೊಟ್ಟಣ ತೆಗೆದು, "ಮತ್ತೆ ಇದನ್ನ ಊಟಕ್ಕೆ ಮುಂಚೆ ತಗೊಳ್ಳೋದಾ, ಆಮೇಲಾ?" ಎಂದು ಕೇಳಿದರು.

ಒಂದು ತಿಂಗಳಿಗೆ ಕೊಟ್ಟಿದ್ದಾರೆ. ಈ ಮಂಗಳವಾರ ಮತ್ತೆ ಹೋಗಬೇಕು.